1.9 ಆದಮೇಲೆ 1.10

ಅಪ್ಪನದೋ ಅಕ್ಕನದೋ ಫೋನು ಕೈಗೆ ಸಿಕ್ಕಾಗ, ಅವರನ್ನು ಕೇಳಿಕೊಂಡೇ, ಒಂದು ಪುಟ್ಟ ಹುಡುಕಾಟ ಮಾಡೋಣ ಬನ್ನಿ. ಪರದೆಯ ಮೇಲಿರುವ ಯಾವುದಾದರೂ ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿಯಿರಿ. ಸಾಮಾನ್ಯವಾಗಿ ‘ಆ್ಯಪ್ ಮಾಹಿತಿ’ ಅನ್ನುವ ಸಾಲೊಂದು ಮೇಲೇಳುತ್ತದೆ. ಅದನ್ನು ತೆರೆದು, ಪುಟವನ್ನು ಸರಿಸುತ್ತಾ ಸರಿಸುತ್ತಾ ಕೆಳಗೆ ಹೋಗಿ. ಅಲ್ಲೆಲ್ಲೋ ಮೂಲೆಯಲ್ಲಿ, ಯಾರೂ ನೋಡುವುದೇ ಇಲ್ಲವೇನೋ ಎಂಬಂತೆ, ‘ಆವೃತ್ತಿ’ ಎಂದೋ ‘ವರ್ಷನ್’ ಎಂದೋ ಸಣ್ಣಗೆ ಬರೆದಿರುತ್ತದೆ. ಪಕ್ಕದಲ್ಲಿ 3.12.4 ಎಂಬಂಥ ಒಂದು ಸಂಖ್ಯೆ.

ಎಂಥ ವಿಚಿತ್ರ ಸಂಖ್ಯೆ ನೋಡಿ! ಇದು ಬೆಲೆಯಲ್ಲ, ತೂಕವಲ್ಲ. ಎರಡೆರಡು ಚುಕ್ಕೆ ಇಟ್ಟುಕೊಂಡ ಇಂಥ ಸಂಖ್ಯೆಗೆ ನಿಮ್ಮ ಗಣಿತದ ಪುಸ್ತಕದಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಹಾಗಾದರೆ ಇದು ಹೇಳುತ್ತಿರುವುದೇನು? ಬೇರೆಯವರ ಸಂಖ್ಯೆಯನ್ನು ನೋಡುತ್ತಾ ಕೂರುವುದಕ್ಕಿಂತ ನಾವೇ ಒಂದು ತಂತ್ರಾಂಶ ಮಾಡಿ ಅದಕ್ಕೆ ಸಂಖ್ಯೆ ಕೊಟ್ಟರೆ ಗುಟ್ಟು ಬೇಗ ತಿಳಿಯುತ್ತದೆ. ತಂತ್ರಾಂಶ ಅಂದರೆ ಗಾಬರಿ ಬೇಡ. ಕಂಪ್ಯೂಟರಿಗೋ ಫೋನಿಗೋ ‘ಇದಾದ ಮೇಲೆ ಇದು ಮಾಡು’ ಎಂದು ಬರೆದುಕೊಟ್ಟ ಸೂಚನೆಗಳ ಕಟ್ಟು, ಅಷ್ಟೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ತೋಟದ ಲೆಕ್ಕ ಹೊಸದೇನಲ್ಲ. ಕಾಯಿ ಕೆಡವಿದ ದಿನ ಯಾವ ಸಾಲಿನಲ್ಲಿ ಎಷ್ಟು ಬಿದ್ದವು ಎಂದು ನೀವೇ ಎಣಿಸಿರುತ್ತೀರಿ. ಅದಕ್ಕೇ ಒಂದು ಆ್ಯಪ್ ಮಾಡಿದಿರಿ ಅಂದುಕೊಳ್ಳಿ. ಹೆಸರು ‘ತೆಂಗಿನ ಲೆಕ್ಕ’. ಒಂದೊಂದು ಸಾಲಿನ ಕಾಯಿ ಎಷ್ಟೆಂದು ಬರೆದರೆ ಒಟ್ಟು ಕೂಡಿ ಹೇಳುತ್ತದೆ. ಚೆನ್ನಾಗಿ ನಡೆಯುತ್ತಿದೆ. ಧೈರ್ಯವಾಗಿ ಅದಕ್ಕೆ 1.0.0 ಎಂದು ಸಂಖ್ಯೆ ಕೊಟ್ಟು ಅಕ್ಕಪಕ್ಕದ ತೋಟದವರಿಗೂ ಹಂಚಿದಿರಿ.

ಮಾರನೆಯ ದಿನವೇ ದೂರು. ಒಬ್ಬರ ತೋಟದಲ್ಲಿ ಒಂದು ಸಾಲು ಪೂರ್ತಿ ಹೊಸ ಸಸಿ, ಒಂದೂ ಕಾಯಿಲ್ಲ. ಅವರು ಸೊನ್ನೆ ಎಂದು ಬರೆದ ಕೂಡಲೇ ನಿಮ್ಮ ಆ್ಯಪ್ ಅಲ್ಲಾಡದೆ ನಿಂತುಬಿಟ್ಟಿದೆ! ನೀವು ಕೂತು ಆ ತಪ್ಪನ್ನು ತಿದ್ದಿದಿರಿ. ಹೊಸದೇನೂ ಸೇರಿಸಲಿಲ್ಲ, ಹಳೆಯದೇನೂ ತೆಗೆಯಲಿಲ್ಲ. ಆಗ ಕೊನೆಯ ಸಂಖ್ಯೆಯನ್ನು ಮಾತ್ರ ಒಂದು ಏರಿಸುತ್ತೀರಿ: 1.0.1. ಇನ್ನೊಂದು ತಪ್ಪು ಸಿಕ್ಕಿ ಅದನ್ನೂ ತಿದ್ದಿದರೆ 1.0.2.

ಇಷ್ಟರಲ್ಲಿ ಅಜ್ಜಿ ಬಂದು, “ಕಾಯಿ ಲೆಕ್ಕ ಸರಿ ಕಣಪ್ಪ, ಕೊಬ್ಬರಿ ದುಡ್ಡಿನ ಲೆಕ್ಕಾನೂ ಹೇಳುತ್ತಾ ಇದು?” ಅಂದರು. ಒಳ್ಳೆಯ ಪ್ರಶ್ನೆ! ಕೊಬ್ಬರಿಯ ತೂಕ, ಕ್ವಿಂಟಾಲಿಗೆ ಇಂದಿನ ಧಾರಣೆ, ಎರಡನ್ನೂ ಕೊಟ್ಟರೆ ಎಷ್ಟು ರೂಪಾಯಿ ಎಂದು ಹೇಳುವ ಹೊಸ ಅನುಕೂಲ ಸೇರಿಸಿದಿರಿ. ಹಳೆಯದೆಲ್ಲ ಮೊದಲಿನಂತೆಯೇ ಇದೆ. ಈಗ ನಡುವಿನ ಸಂಖ್ಯೆ ಏರುತ್ತದೆ, ಅದರ ಬಲಗಡೆಯದು ಮತ್ತೆ ಸೊನ್ನೆಗೆ ಬರುತ್ತದೆ: 1.1.0. ಸೊನ್ನೆಗೇಕೆ ಅಂದಿರಾ? ಈ ಹೊಸ ರೂಪದಲ್ಲಿ ಇನ್ನೂ ಒಂದು ತಪ್ಪನ್ನೂ ತಿದ್ದಿಲ್ಲವಲ್ಲ! ಅದಕ್ಕೆ.

ಕೊನೆಗೊಂದು ದಿನ ನಿಮಗೇ ಅನ್ನಿಸಿತು, ಸಾಲಿನ ಲೆಕ್ಕ ಸಾಲದು, ಒಂದೊಂದು ಮರಕ್ಕೂ ಲೆಕ್ಕ ಇಡಬೇಕು. ಬುಡದಿಂದಲೇ ಬದಲಾಯಿಸಿದಿರಿ. ಹೊಸದು ಸೊಗಸಾಗಿದೆ, ಆದರೆ ಜನ ಈಗಾಗಲೇ ತುಂಬಿಟ್ಟಿದ್ದ ಸಾಲುಸಾಲಿನ ಲೆಕ್ಕ ಇದರಲ್ಲಿ ತೆರೆಯುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಎಡಗಡೆಯ ಸಂಖ್ಯೆ ಏರಬೇಕು: 2.0.0. ನೋಡಿದವರಿಗೆ ಅದು ‘ಹುಷಾರು, ಹಳೆಯದು ಇಲ್ಲಿ ನಡೆಯದೆ ಹೋಗಬಹುದು’ ಎಂದು ಮೊದಲೇ ತಿಳಿಸುತ್ತದೆ. ಬಲಗಡೆಯದು ಏರಿದರೆ ಕಣ್ಣುಮುಚ್ಚಿ ಹಾಕಿಕೊಳ್ಳಬಹುದು, ನಡುವಿನದು ಏರಿದರೆ ಹೊಸದೇನು ಬಂತೆಂದು ಹುಡುಕಬಹುದು, ಎಡಗಡೆಯದು ಏರಿದರೆ ಒಮ್ಮೆ ನಿಂತು ಯೋಚಿಸಬೇಕು.

ಈಗ ನಿಮಗೊಂದು ಒಗಟು. 1.9.0 ಆದಮೇಲೆ ಇನ್ನೊಂದು ಹೊಸ ಅನುಕೂಲ ಸೇರಿಸಿದಿರಿ. ಮುಂದಿನ ಸಂಖ್ಯೆ ಯಾವುದು? 2.0.0 ಅಂದವರು ಸ್ವಲ್ಪ ತಾಳಿ. ಬುಡ ಬದಲಾಗಿಲ್ಲವಲ್ಲ! ಸರಿಯಾದ ಉತ್ತರ 1.10.0. ದಶಮಾಂಶ ಕಲಿತ ಮಕ್ಕಳು ಇಲ್ಲಿ ಜಗಳಕ್ಕೆ ಬರುತ್ತಾರೆ. 1.10 ಅಂದರೆ 1.1, ಅದು 1.9ಕ್ಕಿಂತ ಚಿಕ್ಕದು, ಮೇಷ್ಟ್ರೇ ಹಾಗೆ ಹೇಳಿದ್ದಾರೆ ಎಂದು. ಮೇಷ್ಟ್ರು ಹೇಳಿದ್ದು ಗಣಿತದಲ್ಲಿ ಪೂರಾ ನಿಜ. ಆದರೆ ಇಲ್ಲಿರುವ ಚುಕ್ಕೆ ದಶಮಾಂಶದ್ದಲ್ಲ. ಮೂರು ಬೇರೆಬೇರೆ ಎಣಿಕೆಗಳು ಒಂದಕ್ಕೊಂದು ಅಂಟದಿರಲೆಂದು ನಡುವೆ ಇಟ್ಟ ಚುಕ್ಕೆ. ಆದ್ದರಿಂದ ಒಂಬತ್ತರ ಮುಂದೆ ಹತ್ತು, ಹತ್ತರ ಮುಂದೆ ಹನ್ನೊಂದು.

ಇದರಲ್ಲಿ ಎಡವುವುದು ಮಕ್ಕಳು ಮಾತ್ರ ಎಂದುಕೊಳ್ಳಬೇಡಿ. ಪೈಥಾನ್ ಎಂಬ ಹೆಸರಾಂತ ಕಂಪ್ಯೂಟರ್ ಭಾಷೆಯಿದೆ. ಅದರ 3.9 ಬಂದದ್ದು 2020ರಲ್ಲಿ, 3.10 ಬಂದದ್ದು 2021ರಲ್ಲಿ. ಆಗ ದೊಡ್ಡದೊಡ್ಡವರು ಬರೆದಿಟ್ಟಿದ್ದ ಕೆಲವು ತಂತ್ರಾಂಶಗಳು 3.10 ಅನ್ನು 3.1 ಎಂದು ಓದಿಕೊಂಡು, ‘ಇದು ಬಹಳ ಹಳೆಯದು, ನಡೆಯುವುದಿಲ್ಲ’ ಎಂದು ಹಟ ಹಿಡಿದವು!

ಎಡಗಡೆಯ ಸಂಖ್ಯೆ ಏರುವಂಥ ಬದಲಾವಣೆ ಎಷ್ಟು ದೊಡ್ಡದೆಂದು ಊಹಿಸಲು ಕನ್ನಡದ್ದೇ ಒಂದು ಕತೆ ಇದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಎಂಬ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಅಂಥದ್ದೇ ‘ನುಡಿ’ಯನ್ನು ಕೊಟ್ಟಿತು. ಆ ಕಾಲದ ಕಡತಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದದ್ದು ನಿಜವಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದ ಸಂಖ್ಯೆಗಳನ್ನು. ಆ ಜಾಗಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಇಟ್ಟ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಕಡೆ ತೆರೆದರೆ ಚುಕ್ಕೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಆಮೇಲೆ ಪ್ರಪಂಚದ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸ್ವಂತ ಸಂಖ್ಯೆ ಕೊಡಲು ಹೊರಟ ಯೂನಿಕೋಡ್ ಪದ್ಧತಿಗೆ ಕನ್ನಡ ತಿರುಗಿತು. ಹಳೆಯ ಕಡತಗಳನ್ನು ಪರಿವರ್ತಕಕ್ಕೆ ಹಾಕಿ ಬದಲಾಯಿಸಿಕೊಳ್ಳುವ ಕೆಲಸ ಕೆಲವು ಕಚೇರಿ, ಮುದ್ರಣಾಲಯಗಳಲ್ಲಿ ಇವತ್ತಿಗೂ ನಡೆಯುತ್ತದೆ.

ಸಂಖ್ಯೆಯ ಪಕ್ಕದಲ್ಲಿ ಕೆಲವೊಮ್ಮೆ ಬಾಲವೂ ಇರುತ್ತದೆ. ಆಲ್ಫಾ, ಬೀಟಾ, ಆರ್‌ಸಿ. ಇವು ತಂತ್ರಾಂಶ ಎಷ್ಟು ಬಲಿತಿದೆ ಎಂದು ಹೇಳುವ ಗುರುತುಗಳು. ನಿಮ್ಮ ಕಡೆಯ ಉಂಡೆ ಕೊಬ್ಬರಿಯನ್ನೇ ನೆನೆಸಿಕೊಳ್ಳಿ. ಎಳೆಗಾಯಿ ಕಿತ್ತು ನೋಡುವುದು ಮರದ ಬುಡದಲ್ಲಿ ನಿಂತ ಮನೆಯವರು ಮಾತ್ರ. ಆಲ್ಫಾವನ್ನೂ ಬಹುಮಟ್ಟಿಗೆ ಅದನ್ನು ಮಾಡಿದವರೇ ಬಳಸಿ ನೋಡುತ್ತಾರೆ. ಸ್ವಲ್ಪ ಬಲಿತ ಮೇಲೆ ನೆಂಟರಿಷ್ಟರಿಗೂ ಕೊಟ್ಟು ‘ಹೇಗಿದೆ ಹೇಳಿ’ ಅನ್ನುವ ಹಾಗೆ, ಹೊರಗಿನವರೂ ಬಳಸಿ ತಪ್ಪು ತೋರಿಸಲಿ ಎಂದು ಕೊಡುವುದು ಬೀಟಾ. ಕಾಯಿ ಅಟ್ಟ ಸೇರಿ ತಿಂಗಳುಗಟ್ಟಲೆ ಒಣಗುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿತು ಅನ್ನಿಸಿದಾಗ ದೊಡ್ಡವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರಲ್ಲ, ಆರ್‌ಸಿ ಅಂದರೆ ಆ ಹಂತ. ‘ಆಯಿತು ಅಂತ ಕಾಣುತ್ತೆ, ಆದರೂ ಒಮ್ಮೆ ಅಲ್ಲಾಡಿಸಿ ನೋಡೋಣ’. ಒಳಗೆ ಗಟ್ಟಿಯಾಗಿ ಲೊಡಲೊಡ ಎಂದರೆ ಸುಲಿಯಲು ಕೊಡಬಹುದು, ನೀರಿನ ಸದ್ದಿದ್ದರೆ ಮತ್ತೆ ಅಟ್ಟಕ್ಕೆ. ಎಲ್ಲ ದಾಟಿ ತಿಪಟೂರಿನ ಮಾರುಕಟ್ಟೆಗೆ ಹೋಗುವುದೇ ಸ್ಥಿರ ಆವೃತ್ತಿ, ಬಾಲವಿಲ್ಲದ ಬರೀ ಸಂಖ್ಯೆ. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಮಾರಿದ ಕೊಬ್ಬರಿಯನ್ನು ಯಾರೂ ರಿಪೇರಿ ಮಾಡಲಾರರು; ಹಂಚಿದ ತಂತ್ರಾಂಶಕ್ಕೆ ಮಾತ್ರ 1.0.1 ಎಂದು ತೇಪೆ ಕಳಿಸುತ್ತಲೇ ಇರಬಹುದು.

ಲಿನಕ್ಸ್ ಎಂಬ ತಂತ್ರಾಂಶ ಎಲ್ಲ ಆಂಡ್ರಾಯ್ಡ್ ಫೋನುಗಳ ಒಳಗೂ ಕೂತಿದೆ. ಅದರ ಪ್ರತಿ ಹೊಸ ಆವೃತ್ತಿಗೂ ಮುಂಚೆ ಸಾಮಾನ್ಯವಾಗಿ ಏಳೆಂಟು ಆರ್‌ಸಿಗಳು ಬರುತ್ತವೆ, ವಾರಕ್ಕೊಂದರಂತೆ, ಹೆಚ್ಚಾಗಿ ಭಾನುವಾರ. ಪ್ರಪಂಚದ ಎಲ್ಲೆಲ್ಲಿಯವರೋ ಅದನ್ನು ಅಲ್ಲಾಡಿಸಿ ನೋಡಿ ತಪ್ಪು ಹೇಳುತ್ತಾರೆ.

ಎಲ್ಲರೂ ಒಂದೇ ರೀತಿ ಸಂಖ್ಯೆ ಕೊಡುತ್ತಾರೆಂದು ಮಾತ್ರ ನಂಬಬೇಡಿ. ಈ ಲಿನಕ್ಸನ್ನು ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್‌ಗೆ ಎಡಗಡೆಯ ಸಂಖ್ಯೆಯ ಬಗ್ಗೆ ಅಂಥ ಗಂಭೀರ ನಿಯಮವೇ ಇಲ್ಲ. 4.20 ಆದಮೇಲೆ 2019ರಲ್ಲಿ ಅವರು 4.21 ಎನ್ನಲಿಲ್ಲ, ಸೀದಾ 5.0 ಅಂದರು. ಯಾಕೆಂದರೆ ಎಣಿಸುವುದಕ್ಕೆ ಅವರ ಕೈಬೆರಳು ಕಾಲ್ಬೆರಳು ಎಲ್ಲ ಮುಗಿದುಹೋಗಿದ್ದವಂತೆ! ಕಂಪ್ಯೂಟರ್ ನಡೆಸುವ ಉಬುಂಟು ಎಂಬ ತಂತ್ರಾಂಶದ್ದು ಇನ್ನೊಂದು ದಾರಿ: 24.04 ಅಂದರೆ 2024ನೇ ಇಸವಿಯ ನಾಲ್ಕನೆಯ ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಅದರ ಆವೃತ್ತಿಗೆ ಎಲ್‌ಟಿಎಸ್ ಎಂಬ ಬಾಲ. ಐದು ವರ್ಷ ಇದರ ತಪ್ಪು ತಿದ್ದಿ ಕೊಡುತ್ತೇವೆ ಎಂಬ ಮಾತು ಅದು. ಪದೇಪದೇ ಬದಲಾಯಿಸುವ ತಾಪತ್ರಯ ಬೇಡ ಎನ್ನುವ ಶಾಲೆ, ಕಚೇರಿಗಳಿಗೆ ಅದೇ ವಾಸಿ. ಆ್ಯಪಲ್‌ನವರು ಫೋನಿನ ತಂತ್ರಾಂಶವನ್ನು 18ರಿಂದ ಒಂದೇ ನೆಗೆತಕ್ಕೆ 26 ಮಾಡಿದರು, ಇಸವಿಗೆ ಹೊಂದಲಿ ಎಂದು. ನನಗಂತೂ ಇದು ಅಷ್ಟು ರುಚಿಸಲಿಲ್ಲ. ಯಾವ ಕಾಲದ್ದೆಂದು ತಿಳಿಯುತ್ತದೆ, ಎಷ್ಟು ಬದಲಾಯಿತೆಂದು ತಿಳಿಯುವುದಿಲ್ಲ.

ನನಗೆ ಬಹಳ ಇಷ್ಟವಾದದ್ದು ಡೊನಾಲ್ಡ್ ಕ್ನೂತ್ ಎಂಬ ಹಿರಿಯ ವಿಜ್ಞಾನಿಯ ದಾರಿ. ಪುಸ್ತಕದ ಪುಟಗಳನ್ನು ಅಂದವಾಗಿ ಜೋಡಿಸುವ ‘ಟೆಕ್’ ಎಂಬ ತಂತ್ರಾಂಶ ಅವರದು. ಅದರ ಸಂಖ್ಯೆ 3, ಆಮೇಲೆ 3.1, ಆಮೇಲೆ 3.14. ಎಲ್ಲಿಗೆ ಹೊರಟಿದೆ ಗೊತ್ತಾಯಿತೇ? ಹೌದು, ವೃತ್ತದ ಪಾಠದಲ್ಲಿ ಬರುವ ಪೈ! ಒಂದೊಂದು ಸಲ ತಿದ್ದಿದಾಗಲೂ ಪೈಯ ಇನ್ನೊಂದು ಅಂಕಿ ಸೇರುತ್ತದೆ. 2021ರಲ್ಲಿ ಅದು 3.141592653 ಆಯಿತು. ಇಲ್ಲಿಯ ಚುಕ್ಕೆ ಮಾತ್ರ ನಿಜವಾದ ದಶಮಾಂಶದ್ದೇ.

ಇನ್ನು, ನೀವು ಈಗ ಓದುತ್ತಿರುವ ಅಕ್ಷರಗಳಿಗೂ ಆವೃತ್ತಿ ಇದೆ ಎಂದರೆ ನಂಬುತ್ತೀರಾ? ಆಗಲೇ ಹೇಳಿದ ಯೂನಿಕೋಡ್‌ನ 1.0 ಬಂದದ್ದು 1991ರಲ್ಲಿ. ಅಆಇಈ, ಕಖಗಘ ಆಗಲೇ ಅದರಲ್ಲಿದ್ದವು. ಆದರೆ ಶ್ಲೋಕಗಳಲ್ಲಿ ಕಾಣುವ ಅವಗ್ರಹ, ಅಂದರೆ ಈ ‘ಽ’ ಚಿಹ್ನೆ, 2003ರ 4.0ವರೆಗೆ ಕಾಯಬೇಕಾಯಿತು. ಹಳಗನ್ನಡದವರು ‘ನ್’ ಬರೆಯಲು ಬಳಸುತ್ತಿದ್ದ ನಕಾರ ಪೊಲ್ಲು ಎಂಬ ಇನ್ನೊಂದು ರೂಪ ಸೇರಿದ್ದು 14.0ರಲ್ಲಿ, 2021ರಲ್ಲಿ. ನೋಡಿ, ಎಷ್ಟೋ ನೂರು ವರ್ಷ ಹಳೆಯ ಅಕ್ಷರ ಕಂಪ್ಯೂಟರಿಗೆ ಬಂದು ಇನ್ನೂ ಕೆಲವೇ ವರ್ಷ!

ಇಲ್ಲಿ ಎಡಗಡೆಯ ಸಂಖ್ಯೆ ಎಷ್ಟು ಏರಿದರೂ ಹಳೆಯದು ಕೆಡುವುದಿಲ್ಲ. ಒಮ್ಮೆ ಒಳಗೆ ಬಂದ ಅಕ್ಷರವನ್ನು ತೆಗೆಯುವುದಿಲ್ಲ, ಅದರ ಜಾಗ ಬದಲಾಯಿಸುವುದೂ ಇಲ್ಲ ಎಂಬುದು ಯೂನಿಕೋಡ್‌ನವರ ಕಟ್ಟುನಿಟ್ಟಿನ ನಿಯಮ. ನಕಾರ ಪೊಲ್ಲು ಇಲ್ಲಿದೆ: ೝ. ಕಾಗದದ ಮೇಲೋ ಹೊಸ ಫಾಂಟಿನಲ್ಲೋ ನಿಮಗದು ಅಕ್ಷರವಾಗಿ ಕಂಡೀತು. ಖಾಲಿ ಚೌಕವಾಗಿ ಕಂಡರೆ ನಿಮ್ಮ ಕಣ್ಣಿನದೇನೂ ತಪ್ಪಿಲ್ಲ. ಅದನ್ನು ತೋರಿಸಬೇಕಾದ ಫಾಂಟ್ ಇನ್ನೂ 14.0ವರೆಗೆ ಬಂದಿಲ್ಲ.