ಬೇರೆ ಲೋಕಗಳ ಸದ್ದು, ನಮ್ಮ ಕಿವಿ

(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೋಟೆಲಿನಲ್ಲಿ ತಟ್ಟೆ ತೊಳೆದು ಮೇಲೆ ಬಂದವರು; ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಗ್ರಹಗಳ ವಿಷಯ ನಮಗೇಕೆ ಎಂದು ಕೆಲವರು ಕೇಳಿದರು. ಹಗಲಿರುಳೂ ಸದ್ದಿನ ನಡುವೆ ದುಡಿಯುವ ನಮಗಲ್ಲದೆ ಸದ್ದಿನ ವಿಷಯ ಇನ್ನಾರಿಗೆ ಬೇಕು?

ಸದ್ದೆಂದರೆ ಗಾಳಿಯ ಕಣಗಳು ಒಂದನ್ನೊಂದು ತಳ್ಳುತ್ತ ಸಾಗುವ ಅಲೆ. ಗಲ್ಲೆಯ ಬಳಿ ಕೂಗಿದ ಆರ್ಡರು ಒಲೆಯ ಹತ್ತಿರ ಮುಟ್ಟುವುದು ಹೀಗೆಯೇ. ನಮ್ಮ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಗಾಳಿ ಬಿಸಿಯಾದರೆ ವೇಗ ಹೆಚ್ಚು. ಕಣ ಭಾರವಾದರೆ ಕಡಿಮೆ. ಚಂದ್ರನಲ್ಲಿ ಗಾಳಿ ಇಲ್ಲವೆಂದೇ ಹೇಳಬೇಕು. ಅಲ್ಲಿ ಎಷ್ಟು ಅರಚಿದರೂ ಪಕ್ಕದವನಿಗೆ ಕೇಳದು.

1982ರ ಮಾರ್ಚಿಯಲ್ಲಿ ಸೋವಿಯತ್ ದೇಶದ ವೆನೆರಾ 13 ಮತ್ತು 14 ಮೈಕು ಹೊತ್ತು ಶುಕ್ರನಲ್ಲಿ ಇಳಿದವು. ಅಲ್ಲಿಯ ಗಾಳಿ ಬಹುಪಾಲು ಇಂಗಾಲದ ಡಯಾಕ್ಸೈಡು. ನಮ್ಮ ಗಾಳಿಗಿಂತ ಭಾರ. ಆದರೆ ಕಾವು 460 ಡಿಗ್ರಿ! ಆದ್ದರಿಂದ ಸದ್ದು 400 ಮೀಟರನ್ನೂ ಮೀರಿ ಓಡುತ್ತದೆ. 2005ರ ಜನವರಿ 14ರಂದು ಹ್ಯೂಗೆನ್ಸ್ ಯಂತ್ರ ಶನಿಯ ಚಂದ್ರನಾದ ಟೈಟನ್ ಮೇಲೆ ಇಳಿಯಿತು. ಅಲ್ಲಿಯ ಗಾಳಿ ನಮ್ಮಲ್ಲಿಯಂತೆ ಹೆಚ್ಚಾಗಿ ಸಾರಜನಕವೇ. ಆದರೆ ಸೊನ್ನೆಗಿಂತ 180 ಡಿಗ್ರಿ ಕೆಳಗಿನ ಚಳಿ. ಸದ್ದಿನ ವೇಗ 200 ಮೀಟರಿಗೂ ಕಡಿಮೆ.

ಇನ್ನು ಮಂಗಳ. 2021ರ ಫೆಬ್ರವರಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ಗಾಡಿಯ ಮೈಕುಗಳು ಗಾಳಿಯ ಬೀಸನ್ನೂ, ಪುಟ್ಟ ಹೆಲಿಕಾಪ್ಟರಿನ ಗುಂಯ್‌ಗುಟ್ಟುವಿಕೆಯನ್ನೂ ಕೇಳಿಸಿದವು. ಅಲ್ಲಿಯ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಎಷ್ಟು ನಿಶ್ಶಬ್ದವೆಂದರೆ, ಮೈಕೇ ಕೆಟ್ಟಿತೇನೋ ಎಂದು ವಿಜ್ಞಾನಿಗಳು ಒಮ್ಮೆ ಸಂಶಯಪಟ್ಟರು! ದಪ್ಪ ಸ್ವರ ಸೆಕೆಂಡಿಗೆ 240 ಮೀಟರು, ಸಣ್ಣ ಸ್ವರ 250 ಮೀಟರು ಸಾಗುವುದೆಂದು ಅವರು 2022ರಲ್ಲಿ ಪ್ರಕಟಿಸಿದರು. ಸಣ್ಣ ಸ್ವರ ಮುಂದೆ ಓಡುತ್ತದೆ ನಿಜ; ಆದರೆ ದಾರಿಯಲ್ಲೇ ಸಾಯುತ್ತದೆ. ಆ ಗಾಳಿ ಅದನ್ನು ನುಂಗಿಬಿಡುತ್ತದೆ. ದೂರಕ್ಕೆ ಉಳಿಯುವುದು ದಪ್ಪ ಸ್ವರ ಮಾತ್ರ.

ಮಿತ್ರರೇ, ಇಲ್ಲಿ ನಾವು ನಿಲ್ಲಬೇಕು. ಮಂಗಳದಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಮಗ್ಗದ ಸದ್ದು ಮಾಡುತ್ತಿದೆ. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ನಿಂತರೆ ಒಳಗಿವಿಯ ಸೂಕ್ಷ್ಮ ರೋಮಕಣಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟವು. ಮೊದಲು ಹೋಗುವುದು ಸಣ್ಣ ಸ್ವರವೇ. ಹಕ್ಕಿಯ ದನಿ, ಮಗುವಿನ ಮಾತು, 'ಸ' 'ತ' ಎಂಬ ಅಕ್ಷರಗಳು. ಯಂತ್ರದ ಗುಡುಗು ಮಾತ್ರ ಕೇಳುತ್ತಲೇ ಇರುತ್ತದೆ. ಹೀಗಾಗಿ ಕಿವಿ ಸರಿಯಿದೆಯೆಂದೇ ನಂಬುತ್ತೇವೆ. ಮನೆಯವರು ಎರಡು ಸಲ ಕರೆದರೆ ಅವರ ಮೇಲೆಯೇ ರೇಗುತ್ತೇವೆ!

ಸದ್ದಿನಿಂದ ಬರುವ ಕಿವುಡು ನಮ್ಮ ದೇಶದ ಕಾನೂನಿನಲ್ಲೇ ವೃತ್ತಿರೋಗಗಳ ಪಟ್ಟಿಯಲ್ಲಿದೆ. ಅದು ಹಣೆಬರಹವಲ್ಲ. ಕಿವಿಗೆ ಬಿರಡೆ ಕೇಳೋಣ. ವರ್ಷಕ್ಕೊಮ್ಮೆ ಕಿವಿಯ ತಪಾಸಣೆ ಕೇಳೋಣ. ಕೋಟ್ಯಂತರ ಮೈಲಿ ದೂರದ ಗಾಳಿಯ ಸದ್ದನ್ನು ಮನುಷ್ಯ ಕೇಳಿಸಿಕೊಂಡಿದ್ದಾನೆ. ಪಕ್ಕದಲ್ಲಿ ಕುಳಿತ ಮಗುವಿನ ಮಾತು ನಮಗೆ ಕೇಳಬಾರದೇ?