ತಪ್ಪದೆ ನಡೆದು ಬಂದ ವಾರ



ಪಂಚಾಂಗದ ಐದು ಅಂಗಗಳಲ್ಲಿ ತಿಥಿ, ನಕ್ಷತ್ರ, ಯೋಗ, ಕರಣ ಈ ನಾಲ್ಕಕ್ಕೂ ಸೂರ್ಯಚಂದ್ರರ ಗತಿಯನ್ನು ಗಣಿತ ಮಾಡಬೇಕು. ವಾರಕ್ಕೆ ಅದು ಬೇಡ. ತಿಥಿ ಕ್ಷಯವಾಗುತ್ತದೆ, ವೃದ್ಧಿಯಾಗುತ್ತದೆ, ನಡುವೆ ಅಧಿಕಮಾಸ ಬಂದು ಸೇರುತ್ತದೆ. ವಾರ ಮಾತ್ರ ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ಪೋಪ್ 13ನೆಯ ಗ್ರೆಗರಿ 1582ರಲ್ಲಿ ಕ್ಯಾಲೆಂಡರ್ ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನವೇ 15 ಆಯಿತು. ಹತ್ತು ತಾರೀಖುಗಳು ಹಾರಿಹೋದವು. ಆದರೆ 4 ಗುರುವಾರವಾಗಿತ್ತು, 15 ಶುಕ್ರವಾರವಾಯಿತು. ವಾರ ಒಂದೂ ತಪ್ಪಲಿಲ್ಲ. ಆದ್ದರಿಂದಲೇ ಯಾವುದೇ ಹಳೆಯ ತಾರೀಖು ನಿಜವೋ ಅಲ್ಲವೋ ಎಂದು ಕೇಳಬೇಕಾದಾಗ ನಾವು ಮೊದಲು ಕರೆಯಬೇಕಾದ ಸಾಕ್ಷಿ ವಾರ.

ಈಗ ಲೆಕ್ಕಕ್ಕೆ ಬರೋಣ. 365ನ್ನು ಏಳರಿಂದ ಭಾಗಿಸಿದರೆ ಶೇಷ ಒಂದು. ಹೀಗಾಗಿ ಪ್ರತಿ ವರ್ಷ ವಾರ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಅಧಿಕ ವರ್ಷದಲ್ಲಿ ಎರಡು ಹೆಜ್ಜೆ. ಮಿಕ್ಕದ್ದೆಲ್ಲ ಇದರ ವಿಸ್ತಾರ. ಬ್ರಿಟಿಷ್ ಗಣಿತಜ್ಞ ಜಾನ್ ಹಾರ್ಟನ್ ಕಾನ್ವೇ ಇದನ್ನು ಬಾಯಿಲೆಕ್ಕಕ್ಕೆ ಇಳಿಸಿದ. ಅವನು ಕಂಡುಕೊಂಡದ್ದು ಬಹಳ ಸೊಗಸಾಗಿದೆ: ಯಾವ ವರ್ಷವೇ ಆಗಲಿ 4-4, 6-6, 8-8, 10-10, 12-12 ಈ ಐದೂ ತಾರೀಖುಗಳು ಒಂದೇ ವಾರಕ್ಕೆ ಬೀಳುತ್ತವೆ. 9-5 ಮತ್ತು 5-9, 11-7 ಮತ್ತು 7-11 ಕೂಡ ಅದೇ ವಾರ. ಮಾರ್ಚ್ 7, ಫೆಬ್ರುವರಿಯ ಕೊನೆಯ ದಿನ, ಜನವರಿ 3 (ಅಧಿಕ ವರ್ಷವಾದರೆ ಜನವರಿ 4) ಕೂಡ ಅದೇ. ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿ, ಕೂಡಲೇ ಕಾಣುತ್ತದೆ. ಇದನ್ನು ಆ ವರ್ಷದ ಗುರುತಿನ ವಾರ ಎನ್ನೋಣ.

ಗುರುತಿನ ವಾರ ತಿಳಿಯುವುದು ಹೇಗೆ? 400 ವರ್ಷಕ್ಕೆ 1,46,097 ದಿನ. ಇದು ಏಳರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗಾಗಿ ನಾಲ್ಕು ಶತಮಾನಗಳ ವಾರ ನೆನಪಿದ್ದರೆ ಸಾಕು: 1700ಕ್ಕೆ ಭಾನುವಾರ, 1800ಕ್ಕೆ ಶುಕ್ರವಾರ, 1900ಕ್ಕೆ ಬುಧವಾರ, 2000ಕ್ಕೆ ಮಂಗಳವಾರ. ಕರ್ನಾಟಕ ಏಕೀಕರಣವಾದ 1-11-1956ನ್ನೇ ತೆಗೆದುಕೊಳ್ಳಿ. 56ಕ್ಕೆ ಅದರ ಕಾಲು ಭಾಗ 14 ಸೇರಿಸಿದರೆ 70. ಏಳರಿಂದ ಭಾಗಿಸಿದರೆ ಶೇಷ ಸೊನ್ನೆ. ಅಂದರೆ 1900ರ ಬುಧವಾರವೇ 1956ಕ್ಕೂ ಗುರುತು. ನವೆಂಬರ್ 7 ಬುಧವಾರವಾದರೆ ನವೆಂಬರ್ 1 ಗುರುವಾರ. ಬೆಂಗಳೂರಿನ ಶಕುಂತಲಾದೇವಿಯವರು ಜನ ಕೂಗಿದ ತಾರೀಖಿಗೆ ಥಟ್ಟನೆ ವಾರ ಹೇಳುತ್ತಿದ್ದರು. ಅವರ ವೇಗ ನಮಗೆ ಬರಲಾರದು, ಉತ್ತರವಂತೂ ಬಂದೇ ಬರುತ್ತದೆ.

ನಮ್ಮ ಜ್ಯೋತಿಷಿಗಳದು ಇನ್ನೂ ನೇರವಾದ ದಾರಿ. ಕಲಿಯುಗದ ಆರಂಭದಿಂದ ಇಂದಿನವರೆಗೆ ಕಳೆದ ದಿನಗಳ ಮೊತ್ತವನ್ನು ಅವರು ಅಹರ್ಗಣ ಎಂದರು. ಆ ಮೊದಲ ದಿನ ಶುಕ್ರವಾರ. ಅಹರ್ಗಣವನ್ನು ಏಳರಿಂದ ಭಾಗಿಸಿ, ಶೇಷ ಸೊನ್ನೆಯಾದರೆ ಶುಕ್ರವಾರ, ಒಂದಾದರೆ ಶನಿವಾರ, ಹೀಗೆ ಎಣಿಸಿದರಾಯಿತು. 1947ರ ಆಗಸ್ಟ್ 15ರ ಅಹರ್ಗಣ 18,43,947. ಏಳರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಸ್ವಾತಂತ್ರ್ಯ ಬಂದದ್ದು ಶುಕ್ರವಾರ.

ಇದು ಬರೀ ವಿನೋದದ ಲೆಕ್ಕವಲ್ಲ. ಮಧ್ಯಪ್ರದೇಶದ ಏರಣ್‌ನಲ್ಲಿ ಬುಧಗುಪ್ತನ ಕಾಲದ ಒಂದು ಕಂಬವಿದೆ. ಅದರ ಮೇಲೆ ಗುಪ್ತ ಶಕೆ 165, ಆಷಾಢ ಶುದ್ಧ ದ್ವಾದಶಿ, ಗುರುವಾರ ಎಂದು ಕೊರೆದಿದೆ. ಗುಪ್ತ ಶಕೆ ಯಾವಾಗ ಶುರುವಾಯಿತು ಎಂದು ವಿದ್ವಾಂಸರು ವಾದಿಸುತ್ತಿದ್ದ ಕಾಲದಲ್ಲಿ ಈ ಗುರುವಾರ ನೆರವಿಗೆ ಬಂತು. ನಮ್ಮ ಕನ್ನಡ ನಾಡಿನ ಶಾಸನಗಳಿಗಾಗಿ ದುಡಿದ ಫ್ಲೀಟ್ ಅವರು, ಪುಣೆಯ ಶಂಕರ ಬಾಲಕೃಷ್ಣ ದೀಕ್ಷಿತರ ಗಣಿತದ ಬೆಂಬಲದಿಂದ, ಆ ದ್ವಾದಶಿ ಕ್ರಿ.ಶ. 484ರ ಜೂನ್ 21 ಎಂದು ತೋರಿಸಿದರು. ಅಂದು ಗುರುವಾರವೇ. ಬರೀ ವಾರ ಕೂಡಿಬಂದರೆ ನಾನು ಒಪ್ಪುವುದಿಲ್ಲ, ಏಳರಲ್ಲಿ ಒಂದು ಸಲ ಅದು ಆಕಸ್ಮಿಕವಾಗಿಯೂ ಕೂಡಿಬರುತ್ತದೆ. ಸಂವತ್ಸರ, ಮಾಸ, ತಿಥಿ, ವಾರ ಎಲ್ಲವೂ ಒಂದೇ ದಿನಕ್ಕೆ ಬಂದು ನಿಂತಾಗ ಮಾತ್ರ ಶಾಸನದ ಕಾಲ ಗಟ್ಟಿಯಾಗುತ್ತದೆ.

ಒಂದು ಕಡೆ ಬಹಳ ಎಚ್ಚರ ಬೇಕು. ರಕ್ಕಸಗಿ-ತಂಗಡಗಿ ಯುದ್ಧದ ದಿನವನ್ನು ರಾಬರ್ಟ್ ಸೂವೆಲ್ 1565ರ ಜನವರಿ 23, ಮಂಗಳವಾರ ಎಂದು ಬರೆದಿದ್ದಾನೆ. ಇಂದಿನ ಕ್ಯಾಲೆಂಡರಿನ ಲೆಕ್ಕವನ್ನೇ ಹಿಂದಕ್ಕೆ ಎಳೆದರೆ ಶನಿವಾರ ಬರುತ್ತದೆ. ಅದನ್ನು ನೋಡಿ ಸೂವೆಲ್ ತಪ್ಪಿದ ಎಂದು ಯಾರೂ ಬರೆಯಬಾರದು. ದೀಕ್ಷಿತರ ಜೊತೆ ಸೇರಿ ಭಾರತೀಯ ಕಾಲಗಣನೆಯ ಕೋಷ್ಟಕಗಳನ್ನೇ ಸಿದ್ಧಪಡಿಸಿದವನು ಅವನು. ಆ ತಾರೀಖು ಹಳೆಯ ಜೂಲಿಯನ್ ಕ್ಯಾಲೆಂಡರಿನದು. ಅದಕ್ಕೆ ಲೆಕ್ಕ ಇನ್ನೂ ಸುಲಭ, ಶತಮಾನದ ವಾರವೂ ಬೇಕಿಲ್ಲ. 1565ಕ್ಕೆ ಅದರ ಕಾಲು ಭಾಗ 391 ಕೂಡಿಸಿ (ಉಳಿದ ಒಂದನ್ನು ಬಿಡಿ), 1956 ಆಯಿತು. ಏಳರಿಂದ ಭಾಗಿಸಿದರೆ ಶೇಷ 3. ಭಾನುವಾರವನ್ನು ಸೊನ್ನೆ ಎಂದುಕೊಂಡು ಎಣಿಸಿದರೆ ಬುಧವಾರ. ಜನವರಿ 3 ಬುಧವಾರ, 24 ಬುಧವಾರ, 23 ಮಂಗಳವಾರ. ಊರಿನ ಇತಿಹಾಸ, ದೇವಾಲಯದ ಚರಿತ್ರೆ ಬರೆಯುವವರು ಈ ಸಭೆಯಲ್ಲಿ ಹಲವರಿದ್ದೀರಿ. ಕ್ರಿಸ್ತಶಕದ ತಾರೀಖು ಕೊಡುವಾಗ ಅದು ಯಾವ ಕ್ಯಾಲೆಂಡರಿನದು ಎಂದು ದಯವಿಟ್ಟು ನಮೂದಿಸಿ. ಶಾಸನದಲ್ಲಿರುವ ವಾರವನ್ನು ಎಂದೂ ಬಿಡಬೇಡಿ.

ಬ್ರಿಟಿಷರು ಹೊಸ ಕ್ಯಾಲೆಂಡರಿಗೆ ಬಂದದ್ದು 1752ರ ಸೆಪ್ಟೆಂಬರಿನಲ್ಲಿ. ಅವರ ಕಾಗದಪತ್ರಗಳಲ್ಲಿ ಆಮೇಲಿನ ತಾರೀಖುಗಳಿಗೆ ಮೊದಲು ಹೇಳಿದ ಲೆಕ್ಕವೇ ಸಾಕು. ಹಾಗಾದರೆ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ 1799ರ ಮೇ 4ನ್ನು ಈಗ ನೀವೇ ಮಾಡಿ. 1700ಕ್ಕೆ ಭಾನುವಾರ, 99ಕ್ಕೆ ಕಾಲು ಭಾಗ 24, ಮೇ ತಿಂಗಳ ಗುರುತು 9. ಶನಿವಾರ ಬಂತೇ?