ಎರಡು ಮಾತ್ರೆ, ಒಂದೇ ಲೆಕ್ಕ
(ಬೆಳ್ಳಿಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಔಷಧಿ ಅಂಗಡಿಯಲ್ಲಿ ಕೂತು ತಲೆ ನರೆತ ನಮ್ಮನ್ನೂ ಕರೆದು ಎರಡು ಮಾತಾಡಿ ಅಂದಿದ್ದೀರಿ. ಅದಕ್ಕೆ ಕೃತಜ್ಞರು.

ಸಾಲ ಕೊಡುವ ಮುಂಚೆ ನಮ್ಮ ಸಂಘ ಬೇರೆ ಬ್ಯಾಂಕಿನ ಬೇಬಾಕಿ ಪತ್ರ ಕೇಳುತ್ತದೆ. ಯಾಕೆ? ಅಲ್ಲಿಯ ಬಾಕಿ ಇಲ್ಲಿ ಗೊತ್ತಿರಲಿ ಅಂತ. ಮಾತ್ರೆಯ ಲೆಕ್ಕವೂ ಹಾಗೆಯೇ.

ನಮ್ಮ ಹಿರಿಯ ಸದಸ್ಯರೊಬ್ಬರು ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ನುಂಗುತ್ತಿದ್ದರು. ಪಟ್ಟಣದ ಇನ್ನೊಬ್ಬ ವೈದ್ಯರು ಕೊಲೆಸ್ಟ್ರಾಲಿಗೆ ಸಿಮ್ವಾಸ್ಟಾಟಿನ್ 40 ಮಿಲಿಗ್ರಾಂ ಬರೆದರು. ಹಳೆಯ ಚೀಟಿಯನ್ನು ಇವರು ತೋರಿಸಲಿಲ್ಲ. ಸ್ವಲ್ಪ ದಿನಕ್ಕೆ ತೊಡೆ, ಮೀನಖಂಡ ಹಿಡಿದುಕೊಂಡವು. "ಬಿ.ಪಿ. ಮಾತ್ರೆಯದ್ದೇ ಕಾಟ" ಅಂತ ಅದನ್ನೇ ಬಿಟ್ಟುಬಿಟ್ಟರು. ಒತ್ತಡ ಏರಿ, ತಲೆ ಸುತ್ತಿ ನಮ್ಮ ಅಂಗಡಿ ಕಟ್ಟೆಯ ಮೇಲೆ ಕುಸಿದರು. ಎರಡೂ ಚೀಟಿ ಜೋಡಿಸಿ ವೈದ್ಯರ ಹತ್ತಿರ ಕಳಿಸಿದೆವು. ಅವರು ಬಿ.ಪಿ. ಮಾತ್ರೆ ಮುಂದುವರಿಸಿ, ಕೊಲೆಸ್ಟ್ರಾಲಿನದ್ದನ್ನು ಬದಲಾಯಿಸಿದರು. ಈಗ ಹೊಲಕ್ಕೆ ಹೋಗಿ ಬರ್ತಾರೆ.

ಆದದ್ದು ಇಷ್ಟು: ಸಿಮ್ವಾಸ್ಟಾಟಿನನ್ನು ನಮ್ಮ ಯಕೃತ್ತು ಕರಗಿಸಿ ಹೊರಹಾಕಬೇಕು. ಕೆಲವು ಬಿ.ಪಿ. ಮಾತ್ರೆಗಳು ಆ ಕೆಲಸ ನಿಧಾನ ಮಾಡುತ್ತವೆ. ಔಷಧಿ ರಕ್ತದಲ್ಲಿ ಹೆಚ್ಚಾಗಿ ಮಾಂಸಖಂಡಕ್ಕೆ ಪೆಟ್ಟು ಬೀಳಬಹುದು. ಅದಕ್ಕೇ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಿತಿ ಹಾಕಿತು: ಅಮ್ಲೋಡಿಪಿನ್ ಜೊತೆ ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು, ಡಿಲ್ಟಿಯಾಜೆಮ್, ವೆರಾಪಮಿಲ್ ಜೊತೆ 10 ಮೀರಬಾರದು. ಹಾಗಂತ ಹೆದರಬೇಡಿ. ಅಮ್ಲೋಡಿಪಿನ್ ಜೊತೆ ಅಟೋರ್ವಾಸ್ಟಾಟಿನ್ ಅನ್ನು ವೈದ್ಯರು ಸಾಮಾನ್ಯವಾಗಿ ಕೊಡುತ್ತಾರೆ. ಹೃದಯಾಘಾತ, ಲಕ್ವ ತಪ್ಪಿಸಲು ಅನೇಕರಿಗೆ ಎರಡೂ ಬೇಕು.

ನೆನಪಿಡಬೇಕಾದ್ದು ಕೆಲವೇ. ಯಾವ ವೈದ್ಯರಲ್ಲಿಗೆ ಹೋದರೂ ನುಂಗುವ ಎಲ್ಲ ಮಾತ್ರೆಗಳನ್ನೂ ಒಯ್ದು ತೋರಿಸಿ, ನಾಟಿ ಔಷಧಿಯನ್ನೂ ಹೇಳಿ. ಕೆಮ್ಮು ಸೋಂಕಿಗೆ ಕೊಡುವ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಸಿಮ್ವಾಸ್ಟಾಟಿನ್ ಜೊತೆ ಕೂಡದು. ದುಡಿಮೆಯಿಲ್ಲದೆ ಮೈಕೈ ನೋವು, ನಿಶ್ಶಕ್ತಿ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಓಡಿ. ಬಿ.ಪಿ. ಮಾತ್ರೆಯನ್ನಂತೂ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ.

ಸಂಘದ ಪಾಸ್ ಪುಸ್ತಕವನ್ನು ಎಷ್ಟು ಜೋಪಾನ ಮಾಡ್ತೀರೋ, ಔಷಧಿ ಚೀಟಿಯನ್ನೂ ಅಷ್ಟೇ ಜೋಪಾನ ಮಾಡಿ. ಸಂಘ ಸುವರ್ಣ ಮಹೋತ್ಸವ ಆಚರಿಸುವಾಗ ಈ ಪೆಂಡಾಲಿನಲ್ಲಿ ನೀವೆಲ್ಲ ಇರಬೇಕು ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.